ಚಿತ್ತವಿಕಲತೆ, ಕುಟುಂಬದ ಹಿನ್ನೆಲೆ ಮತ್ತು ಆತುರದ ತೀರ್ಮಾನ: ಸೇವೆ ಕೋರುವ ಸಾರ್ವಜನಿಕರಿಗೆ ಮಾಹಿತಿ

ಮನೋವೈದ್ಯಕೀಯ ವಿಭಾಗಕ್ಕೆ ರೋಗಿಯನ್ನು ಕರೆತರುವ ಕುಟುಂಬದವರಿಂದ ಎರಡು ಪ್ರಶ್ನೆಗಳು ಪದೇ ಪದೇ ಕೇಳಿಬರುತ್ತವೆ. ಅಣ್ಣನಿಗೆ ಬಂದಿರುವ ಕಾಯಿಲೆ ತಮ್ಮನಿಗೂ, ಮುಂದೆ ಮಕ್ಕಳಿಗೂ ಬರುವುದೇ ಎಂಬುದು ಮೊದಲನೆಯದು. ಎಷ್ಟು ತಿಳಿಹೇಳಿದರೂ, ಕಣ್ಣೆದುರಿಗೆ ಪುರಾವೆ ಇಟ್ಟರೂ ಆತನು ತನ್ನ ನಂಬಿಕೆಯನ್ನು ಏಕೆ ಬಿಡುವುದಿಲ್ಲ ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳ ನಡುವೆ ಸಂಬಂಧವಿದೆಯೆಂದು ಕಳೆದ ಕೆಲವು ದಶಕಗಳ ಅಧ್ಯಯನಗಳು ಸೂಚಿಸಿವೆ. ಚಿಕಿತ್ಸೆ, ಆಪ್ತಸಮಾಲೋಚನೆ, ಅಂಗವಿಕಲತಾ ಪ್ರಮಾಣಪತ್ರ ಅಥವಾ ಮಾನಸಿಕ ಆರೋಗ್ಯ ಕಾಯ್ದೆಯಡಿಯ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವವರು ಹಾಗೂ ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ವೈದ್ಯರ ತಪಾಸಣೆಗೆ ಬದಲಿಯಲ್ಲ.

ಚಿತ್ತವಿಕಲತೆ ಎಂದರೇನು?

ವಾಸ್ತವದೊಡನೆ ಮನಸ್ಸಿಗಿರುವ ಸಂಪರ್ಕವು ಸಡಿಲಗೊಳ್ಳುವ ಸ್ಥಿತಿಯನ್ನು ಚಿತ್ತವಿಕಲತೆ ಅಥವಾ ಸೈಕೋಸಿಸ್ ಎನ್ನಲಾಗುತ್ತದೆ. ಯಾರೂ ಇಲ್ಲದಿರುವಾಗ ಧ್ವನಿಗಳು ಕೇಳಿಸುವುದು ಇಂದ್ರಿಯಭ್ರಮೆ. ನೆರೆಹೊರೆಯವರು ಊಟದಲ್ಲಿ ವಿಷ ಬೆರೆಸುತ್ತಿದ್ದಾರೆ, ತನ್ನ ಯೋಚನೆಗಳು ಇತರರಿಗೆ ತಿಳಿದುಬಿಡುತ್ತಿವೆ ಎಂಬಂತಹ, ಆಧಾರವಿಲ್ಲದಿದ್ದರೂ ಕದಲದ ನಂಬಿಕೆಗಳು ಮಿಥ್ಯಾ ನಂಬಿಕೆಗಳು. ಇವು ಒಂದೇ ಕಾಯಿಲೆಯ ಲಕ್ಷಣಗಳಲ್ಲ. ಇಚ್ಚಿತ್ತ ವಿಕಲತೆ ಅಥವಾ ಸ್ಕಿಜೋಫ್ರೀನಿಯಾ, ತೀವ್ರ ಖಿನ್ನತೆ, ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ, ಮದ್ಯಪಾನ, ಗಾಂಜಾ ಸೇವನೆ, ಮೂರ್ಛೆರೋಗ, ಥೈರಾಯ್ಡ್ ಗ್ರಂಥಿಯ ತೊಂದರೆ, ಹೆರಿಗೆಯ ನಂತರದ ದಿನಗಳು, ಹೀಗೆ ಹಲವು ಕಾರಣಗಳಿಂದ ಚಿತ್ತವಿಕಲತೆ ಕಾಣಿಸಿಕೊಳ್ಳಬಹುದು. ಆದುದರಿಂದಲೇ ಮೊದಲ ಭೇಟಿಯಲ್ಲಿ ವೈದ್ಯರು ರಕ್ತಪರೀಕ್ಷೆಗೆ ಸೂಚಿಸಿದರೆ ಅದು ಅನಾವಶ್ಯಕವೆಂದು ಭಾವಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 1.4ರಷ್ಟು ಮಂದಿ ಜೀವಿತಾವಧಿಯ ಯಾವುದಾದರೊಂದು ಘಟ್ಟದಲ್ಲಿ ಸ್ಕಿಜೋಫ್ರೀನಿಯಾ ಅಥವಾ ಅದೇ ಗುಂಪಿನ ಕಾಯಿಲೆಗೆ ಒಳಗಾಗಿರುತ್ತಾರೆ. ಸದರಿ ಸಮೀಕ್ಷೆಯ ಪೂರ್ವಭಾವಿ ಅಧ್ಯಯನವು ಕರ್ನಾಟಕದ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಕಾಯಿಲೆಯ ಪ್ರಮಾಣಕ್ಕಿಂತಲೂ ಆತಂಕ ಹುಟ್ಟಿಸುವ ಅಂಶವೆಂದರೆ, ಕಾಯಿಲೆಯುಳ್ಳವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಸಮೀಕ್ಷೆಯ ವೇಳೆ ಚಿಕಿತ್ಸೆಯಿಂದ ಹೊರಗಿದ್ದರು.

ಕುಟುಂಬದ ಹಿನ್ನೆಲೆಯಿಂದ ಅಪಾಯ ಎಷ್ಟು ಹೆಚ್ಚುತ್ತದೆ?

ಸ್ಕಿಜೋಫ್ರೀನಿಯಾ ಕುಟುಂಬಗಳಲ್ಲಿ ಹರಿದುಬರುವುದು ನಿಜ. ಆದರೆ ಅದು ಹರಿದುಬರುವ ರೀತಿ ಜನಸಾಮಾನ್ಯರು ಊಹಿಸಿಕೊಂಡಿರುವಂತಿಲ್ಲ. ಸಾಮಾನ್ಯ ಜನರಲ್ಲಿ ಈ ಕಾಯಿಲೆಯ ಸಂಭವ ನೂರಕ್ಕೆ ಒಂದರ ಆಸುಪಾಸಿನಲ್ಲಿದೆ. ತಂದೆ ಅಥವಾ ತಾಯಿಗೆ, ಇಲ್ಲವೇ ಒಡಹುಟ್ಟಿದವರಿಗೆ ಕಾಯಿಲೆ ಇದ್ದಲ್ಲಿ ಅದು ನೂರಕ್ಕೆ ಸುಮಾರು 10ಕ್ಕೆ ಏರುತ್ತದೆ. ಅಮೆರಿಕದ ವಿಜ್ಞಾನಿ ಇರ್ವಿಂಗ್ ಗಾಟ್ಸ್‌ಮನ್ ಅವರು ಯುರೋಪಿನ ಹಲವು ದಶಕಗಳ ಕುಟುಂಬ ಅಧ್ಯಯನಗಳನ್ನು ಒಟ್ಟುಗೂಡಿಸಿ 1991ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಡಹುಟ್ಟಿದವರಲ್ಲಿ ಇದು ಶೇಕಡ 9, ಮಕ್ಕಳಲ್ಲಿ ಶೇಕಡ 13. ತಂದೆತಾಯಿ ಇಬ್ಬರಿಗೂ ಕಾಯಿಲೆಯಿದ್ದರೆ ಮಾತ್ರ ಶೇಕಡ 46ಕ್ಕೆ ತಲುಪುತ್ತದೆ. ಚಿಕ್ಕಪ್ಪ, ಸೋದರಮಾವ, ಅಜ್ಜ, ಅಜ್ಜಿ ಮುಂತಾದ ಎರಡನೆಯ ಹಂತದ ಬಂಧುಗಳಿಗೆ ಕಾಯಿಲೆಯಿದ್ದಲ್ಲಿ ಅಪಾಯವು ಸಾಮಾನ್ಯ ಜನರಿಗಿಂತ ತುಸು ಹೆಚ್ಚೇ ಹೊರತು ಬಹಳವಲ್ಲ.

ಈ ಅಂಕಿಗಳನ್ನು ಓದುವ ಬಗೆಯೂ ಮುಖ್ಯ. "ಹತ್ತು ಪಟ್ಟು ಹೆಚ್ಚು" ಎಂದಾಗ ಹುಟ್ಟುವ ಭಯವು "ಕಾಯಿಲೆಯುಳ್ಳ ತಾಯಿಯ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಂದಿಗೆ ಈ ಕಾಯಿಲೆ ಬರುವುದಿಲ್ಲ" ಎಂದಾಗ ಹುಟ್ಟುವುದಿಲ್ಲ. ಎರಡೂ ಒಂದೇ ಲೆಕ್ಕ. ಹಾಗೆಯೇ, ಈ ಕಾಯಿಲೆಯ ಆನುವಂಶಿಕತೆ ಶೇಕಡ 80 ಎಂದು ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತದೆ. ಇದನ್ನು ಓದಿದ ಪೋಷಕರು ತಮ್ಮ ಮಗುವಿಗೆ ಕಾಯಿಲೆ ಬರುವ ಸಾಧ್ಯತೆಯೇ ಶೇಕಡ 80 ಎಂದು ತಿಳಿದು ಕಂಗಾಲಾಗುವುದುಂಟು. ಅದು ಜನಸಮುದಾಯದಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ವಂಶವಾಹಿಗಳ ಪಾಲೆಷ್ಟು ಎಂದು ಹೇಳುವ ಅಳತೆ. ಒಬ್ಬ ವ್ಯಕ್ತಿಯ ಭವಿಷ್ಯದ ಲೆಕ್ಕ ಅದಲ್ಲ.

ವಂಶವಾಹಿಗಳೇ ಸರ್ವಸ್ವವಲ್ಲ ಎಂಬುದಕ್ಕೆ ತದ್ರೂಪಿ ಅವಳಿಗಳೇ ಸಾಕ್ಷಿ. ಇಬ್ಬರ ವಂಶವಾಹಿಗಳೂ ಒಂದೇ ಆಗಿದ್ದರೂ, ಒಬ್ಬರಿಗೆ ಕಾಯಿಲೆಯಿದ್ದಾಗ ಇನ್ನೊಬ್ಬರಿಗೂ ಇರುವ ಪ್ರಮಾಣ ಹಳೆಯ ಅಧ್ಯಯನಗಳಲ್ಲಿ ಶೇಕಡ 48 ಇದ್ದರೆ, ಡೆನ್ಮಾರ್ಕ್ ದೇಶದ ಅವಳಿಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 33 ಮಾತ್ರ. ಫಿನ್ಲೆಂಡ್ ದೇಶದಲ್ಲಿ, ಸ್ಕಿಜೋಫ್ರೀನಿಯಾ ಇದ್ದ ತಾಯಂದಿರಿಗೆ ಹುಟ್ಟಿ ಬೇರೆ ಮನೆಗಳಿಗೆ ದತ್ತು ಹೋದ ಮಕ್ಕಳನ್ನು ದೀರ್ಘಕಾಲ ಗಮನಿಸಲಾಯಿತು. ಅಂತಹ ಮಕ್ಕಳಲ್ಲಿಯೂ, ಕಲಹ ಮತ್ತು ಗೊಂದಲ ತುಂಬಿದ ಮನೆಗಳಲ್ಲಿ ಬೆಳೆದವರಿಗೆ ಕಾಯಿಲೆ ಹೆಚ್ಚಾಗಿ ಕಾಣಿಸಿತು. ನೆಮ್ಮದಿಯ ಮನೆಗಳಲ್ಲಿ ಬೆಳೆದವರಿಗೆ ಕಡಿಮೆ. ಕಾಯಿಲೆಗೆ ಪೋಷಕರೇ ಹೊಣೆ ಎಂದು ಇದರ ಅರ್ಥವಲ್ಲ. ಒಳಗಿನ ಒಲವು ಮತ್ತು ಹೊರಗಿನ ಒತ್ತಡ ಕೂಡಿದಾಗ ಅಪಾಯ ಹೆಚ್ಚುತ್ತದೆ ಎಂಬುದಷ್ಟೇ ಇದರಿಂದ ತಿಳಿಯತಕ್ಕದ್ದು.

ಸ್ಕಿಜೋಫ್ರೀನಿಯಾಕ್ಕೆ ಒಂದೇ ಒಂದು ವಂಶವಾಹಿ ಕಾರಣವಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ವರ್ಣತಂತುಗಳ 287 ತಾಣಗಳಿಗೆ ಈ ಕಾಯಿಲೆಯೊಡನೆ ನಂಟಿದೆಯೆಂದು ಗುರುತಿಸಿದೆ. ಪ್ರತಿಯೊಂದರ ಪಾಲು ಅತ್ಯಲ್ಪ. ಆದ್ದರಿಂದ ರಕ್ತ ಅಥವಾ ಜೊಲ್ಲಿನ ಮಾದರಿ ಪಡೆದು "ನಿಮಗೆ ಹುಚ್ಚು ಬರುವುದೋ ಇಲ್ಲವೋ" ಎಂದು ಹೇಳುತ್ತೇವೆನ್ನುವ ಯಾವುದೇ ಖಾಸಗಿ ಪರೀಕ್ಷೆಗೆ ಹಣ ತೆರುವ ಮೊದಲು ಸಾರ್ವಜನಿಕರು ಮನೋವೈದ್ಯರನ್ನು ವಿಚಾರಿಸುವುದು ಸೂಕ್ತ. ವರ್ಣತಂತು 22ರ ಒಂದು ತುಣುಕು ಹುಟ್ಟಿನಿಂದಲೇ ಇಲ್ಲದಿರುವಂತಹ ಕೆಲವು ವಿರಳ ಸ್ಥಿತಿಗಳಲ್ಲಿ ಮಾತ್ರ ಅಪಾಯವು ಸುಮಾರು ನಾಲ್ಕರಲ್ಲಿ ಒಂದರಷ್ಟಿರುತ್ತದೆ. ಅಂತಹ ಮಕ್ಕಳಲ್ಲಿ ಹುಟ್ಟು ಹೃದಯದೋಷ, ಅಂಗುಳಿನ ತೊಂದರೆ ಮುಂತಾದ ಬೇರೆ ಚಿಹ್ನೆಗಳೂ ಸಾಮಾನ್ಯವಾಗಿ ಇರುತ್ತವೆ.

ನಮ್ಮ ರಾಜ್ಯದಲ್ಲಿಯೂ ಕುಟುಂಬಗಳನ್ನು ಕುರಿತ ಸಂಶೋಧನೆ ನಡೆದಿದೆ. ಒಂದಕ್ಕಿಂತ ಹೆಚ್ಚು ಮಂದಿಗೆ ತೀವ್ರ ಮಾನಸಿಕ ಕಾಯಿಲೆಯಿರುವ ಮನೆತನಗಳನ್ನು ನಿಮ್ಹಾನ್ಸ್ ಹಾಗೂ ಬೆಂಗಳೂರಿನ ಇತರ ವಿಜ್ಞಾನ ಸಂಸ್ಥೆಗಳು ಒಟ್ಟಾಗಿ ದೀರ್ಘಾವಧಿಗೆ ಅಧ್ಯಯನ ಮಾಡುತ್ತಿವೆ. ಇಂತಹ ಸಂಶೋಧನೆಯಲ್ಲಿ ಭಾಗವಹಿಸುವುದು ಸ್ವಇಚ್ಛೆಗೆ ಬಿಟ್ಟದ್ದು. ನಿರಾಕರಿಸಿದರೆ ಚಿಕಿತ್ಸೆಗೆ ಯಾವ ಅಡ್ಡಿಯೂ ಆಗತಕ್ಕದ್ದಲ್ಲ.

ಆತುರದ ತೀರ್ಮಾನ ಎಂದರೇನು?

ಮಿಥ್ಯಾ ನಂಬಿಕೆಯುಳ್ಳವರಿಗೆ ಬುದ್ಧಿ ಕೆಟ್ಟಿದೆ, ತರ್ಕವೇ ಇಲ್ಲ ಎಂಬುದು ಜನರ ಸಾಮಾನ್ಯ ಅಭಿಪ್ರಾಯ. ಸಂಶೋಧನೆ ತೋರಿಸಿರುವುದು ಬೇರೆಯದೇ ಚಿತ್ರ. ಎರಡು ಜಾಡಿಗಳಿವೆಯೆನ್ನೋಣ. ಒಂದರಲ್ಲಿ 85 ಕಪ್ಪು ಮಣಿ, 15 ಬಿಳಿ ಮಣಿ; ಇನ್ನೊಂದರಲ್ಲಿ 85 ಬಿಳಿ, 15 ಕಪ್ಪು. ಜಾಡಿಗಳನ್ನು ಮರೆಯಲ್ಲಿಟ್ಟು, ಒಂದರಿಂದ ಮಾತ್ರ ಒಂದೊಂದೇ ಮಣಿ ತೆಗೆದು ತೋರಿಸಿ ಮತ್ತೆ ಅದರಲ್ಲೇ ಹಾಕಲಾಗುತ್ತದೆ. ಮಣಿ ಯಾವ ಜಾಡಿಯಿಂದ ಬರುತ್ತಿದೆಯೆಂದು ಖಚಿತವಾದಾಗ ಹೇಳಬೇಕು; ಎಷ್ಟು ಮಣಿ ಬೇಕಾದರೂ ಕೇಳಬಹುದು. ಸಂಭಾವ್ಯತೆಯನ್ನು ಜನರು ಹೇಗೆ ಲೆಕ್ಕ ಹಾಕುತ್ತಾರೆಂದು ತಿಳಿಯಲು 1960ರ ದಶಕದಲ್ಲಿ ರೂಪಿಸಿದ ಈ ಬಗೆಯ ಪರೀಕ್ಷೆಯನ್ನು ಲಂಡನ್ನಿನ ಫಿಲಿಪ್ಪ ಗ್ಯಾರೆಟಿ, ಡೇವಿಡ್ ಹೆಮ್ಸ್‌ಲಿ ಮತ್ತು ಸಂಗಡಿಗರು 1988ರಲ್ಲಿ ಮಿಥ್ಯಾ ನಂಬಿಕೆಯುಳ್ಳ ರೋಗಿಗಳ ಮೇಲೆ ಪ್ರಯೋಗಿಸಿದರು. ಇತರರಿಗಿಂತ ಸದರಿ ರೋಗಿಗಳು ಕಡಿಮೆ ಮಣಿಗಳನ್ನು ನೋಡಿ ತೀರ್ಮಾನಕ್ಕೆ ಬಂದರು. ಆನಂತರದ ಹಲವು ಅಧ್ಯಯನಗಳಲ್ಲಿ, ಮಿಥ್ಯಾ ನಂಬಿಕೆಯುಳ್ಳವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಂದು ಅಥವಾ ಎರಡೇ ಮಣಿಗೆ ನಿಲ್ಲಿಸಿದ್ದು ಕಂಡುಬಂದಿದೆ. ಇದನ್ನೇ ಆತುರದ ತೀರ್ಮಾನದ ಒಲವು ಎನ್ನುತ್ತಾರೆ.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಮೊದಲ ಮಣಿ ಕಪ್ಪಾಗಿದ್ದರೆ ಅದು ಕಪ್ಪು ಹೆಚ್ಚಿರುವ ಜಾಡಿಯಿಂದ ಬಂದಿರುವ ಸಾಧ್ಯತೆ ಗಣಿತದ ಪ್ರಕಾರವೇ ಶೇಕಡ 85. ಎರಡನೆಯದೂ ಕಪ್ಪಾದರೆ ಶೇಕಡ 97. ಅಂದರೆ ಎರಡು ಮಣಿಗೆ ನಿಲ್ಲಿಸಿದವರು ಬಹುಪಾಲು ಸಂದರ್ಭಗಳಲ್ಲಿ ಸರಿಯಾಗಿಯೇ ಹೇಳಿರುತ್ತಾರೆ. ಅವರ ಲೆಕ್ಕ ತಪ್ಪಿಲ್ಲ; ಇನ್ನಷ್ಟು ನೋಡೋಣ ಎಂಬ ತಾಳ್ಮೆ ಕಡಿಮೆ. ಜಾಡಿಗಳಲ್ಲಿನ ಪ್ರಮಾಣವನ್ನು 60 ಮತ್ತು 40 ಎಂದು ಬದಲಿಸಿದರೆ ಈ ಆತುರ ದುಬಾರಿಯಾಗುತ್ತದೆ. ಆಗ ಮೊದಲ ಮಣಿ ಕೊಡುವ ಭರವಸೆ ಶೇಕಡ 60 ಮಾತ್ರ, ಒಂದೇ ಬಣ್ಣದ ಎರಡು ಮಣಿಗಳು ಬಂದರೂ ಶೇಕಡ 69 ಮಾತ್ರ. ದಿನನಿತ್ಯದ ಬದುಕು ಈ ಎರಡನೆಯ ಜಾಡಿಗಳಿಗೇ ಹತ್ತಿರವಾದದ್ದು. ಬೀದಿಯಲ್ಲಿ ಇಬ್ಬರು ಮಾತನಾಡುತ್ತಿದ್ದು, ತಾನು ಹತ್ತಿರ ಬಂದಾಗ ಸುಮ್ಮನಾದರೆ ಅದಕ್ಕೆ ಹತ್ತು ಕಾರಣಗಳಿರಬಹುದು. ಅವರು ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದರು ಎಂಬುದು ಆ ಹತ್ತರಲ್ಲಿ ಒಂದು. ಅದೊಂದನ್ನೇ ಹಿಡಿದು ನಿಂತಾಗ ಸಂಶಯ ಬೇರೂರುತ್ತದೆ.

ಬೇರೂರಿದ ನಂಬಿಕೆ ಸುಲಭವಾಗಿ ಕೀಳಲಾಗದಿರುವುದಕ್ಕೆ ಇನ್ನೊಂದು ಒಲವು ಕಾರಣ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಾಕ್ಷ್ಯ ಎದುರಾದಾಗ ಅದಕ್ಕೆ ತಕ್ಕ ಬೆಲೆ ಕೊಡದಿರುವುದನ್ನು ಜರ್ಮನಿಯ ಸ್ಟೆಫನ್ ಮೋರಿಟ್ಸ್ ಮತ್ತು ಕೆನಡಾದ ಟಾಡ್ ವುಡ್‌ವರ್ಡ್ ಅವರು 2000ದ ದಶಕದಲ್ಲಿ ಅಧ್ಯಯನ ಮಾಡಿದರು. ಒಂದು ಸನ್ನಿವೇಶದ ವಿವರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದಾಗ, ಮೊದಲಿನ ಊಹೆ ತಪ್ಪೆಂದು ಸೂಚಿಸುವ ವಿವರ ಬಂದ ಮೇಲೂ ಮಿಥ್ಯಾ ನಂಬಿಕೆಯುಳ್ಳವರು ಆ ಊಹೆಯನ್ನು ಸಡಿಲಿಸುವುದು ಕಡಿಮೆ ಎಂದು ತಿಳಿದುಬಂತು. ಕೆಟ್ಟದ್ದೇನಾದರೂ ಆದರೆ ಅದಕ್ಕೆ ಹೊರಗಿನ ಯಾರೋ ಕಾರಣವೆಂದು ಭಾವಿಸುವ ಒಲವೂ ಕೆಲವರಲ್ಲಿ ಕಾಣುತ್ತದೆ. ಈ ಒಲವುಗಳು ಆರೋಗ್ಯವಂತರಲ್ಲಿಯೂ ಇಲ್ಲದಿಲ್ಲ. ಚುನಾವಣೆಯ ಕಾಲದಲ್ಲಿ ಯಾವುದೇ ಚಹಾ ಅಂಗಡಿಯ ಮುಂದೆ ನಿಂತರೂ ಇವನ್ನು ಕಾಣಬಹುದು. ವ್ಯತ್ಯಾಸವಿರುವುದು ಪ್ರಮಾಣದಲ್ಲಿ, ಮತ್ತು ಅದರಿಂದ ವ್ಯಕ್ತಿಯ ಊಟ, ನಿದ್ರೆ, ದುಡಿಮೆ, ಸಂಬಂಧಗಳಿಗೆ ಆಗುವ ಹಾನಿಯಲ್ಲಿ.

ರೋಗವಿಲ್ಲದ ಸಂಬಂಧಿಕರಲ್ಲಿಯೂ ಈ ಒಲವು ಇರುತ್ತದೆಯೇ?

ನೆದರ್ಲೆಂಡ್ಸ್ ದೇಶದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು, ರೋಗವಿಲ್ಲದ ಅವರ ಹತ್ತಿರದ ರಕ್ತಸಂಬಂಧಿಗಳು, ಚಿತ್ತವಿಕಲತೆಯನ್ನು ಹೋಲುವ ಲಘು ಅನುಭವಗಳಿದ್ದ ಸಾಮಾನ್ಯ ಜನರು ಮತ್ತು ಅಂತಹ ಅನುಭವಗಳಿಲ್ಲದವರು, ಹೀಗೆ ನಾಲ್ಕು ಗುಂಪುಗಳಿಗೆ ಮಣಿಗಳ ಪರೀಕ್ಷೆ ನೀಡಲಾಯಿತು. ಕಾಯಿಲೆಯ ಕಡೆಗಿನ ಒಲವು ಹೆಚ್ಚಿದಂತೆ ಆತುರದ ತೀರ್ಮಾನವೂ ಹೆಚ್ಚುತ್ತಾ ಹೋಯಿತು. ಹೀಗಾಗಿ ಈ ಆತುರವು ಕಾಯಿಲೆಯ ಪರಿಣಾಮ ಮಾತ್ರವಲ್ಲದೆ, ಕಾಯಿಲೆಗೆ ಮುಂಚಿನಿಂದ ಮನೆತನದಲ್ಲಿರುವ ಸ್ವಭಾವವೂ ಆಗಿರಬಹುದೆಂಬ ಅಭಿಪ್ರಾಯ ಬಲಗೊಂಡಿತು.

ಆದರೆ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಯುರೋಪ್ ಮತ್ತು ಬ್ರೆಜಿಲ್ ದೇಶದ ಹಲವು ಕೇಂದ್ರಗಳಲ್ಲಿ, ಮೊದಲ ಬಾರಿ ಚಿತ್ತವಿಕಲತೆಗೆ ಒಳಗಾದವರನ್ನು ಆರೋಗ್ಯವಂತರೊಡನೆ ಹೋಲಿಸಿ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು, ರೋಗಿಗಳಲ್ಲಿ ಕಾಣುವ ಆತುರದ ಬಹುಪಾಲನ್ನು ಬುದ್ಧಿಶಕ್ತಿ ಪರೀಕ್ಷೆಯ ಅಂಕಗಳಿಂದಲೇ ವಿವರಿಸಬಹುದೆಂದು ತೋರಿಸಿತು. ಆದುದರಿಂದ ಮಣಿಗಳ ಪರೀಕ್ಷೆಯನ್ನು ಯಾರಿಗೆ ಕಾಯಿಲೆ ಬರುವುದೆಂದು ಹೇಳುವ ಸಾಧನವಾಗಿ ಬಳಸುವಂತಿಲ್ಲ. ಕಾಯಿಲೆಯೇ ಇಲ್ಲದ ಜನರಲ್ಲಿ ಎಷ್ಟೋ ಮಂದಿ ಒಂದೆರಡು ಮಣಿಗೆ ನಿಲ್ಲಿಸುತ್ತಾರೆ. ಕಾಯಿಲೆಯುಳ್ಳ ಎಷ್ಟೋ ಮಂದಿ ಹತ್ತು ಮಣಿಗಳವರೆಗೆ ಕಾಯುತ್ತಾರೆ. ಮನೆಯಲ್ಲಿ ಹೆಸರುಕಾಳು, ಉದ್ದಿನಕಾಳು ಬೆರೆಸಿಟ್ಟು ಮಕ್ಕಳನ್ನು ಪರೀಕ್ಷಿಸುವುದರಿಂದ ಯಾವ ಪ್ರಯೋಜನವೂ ಇಲ್ಲ, ಭಯವಷ್ಟೇ ಲಾಭ.

ಚಿಕಿತ್ಸೆಯಲ್ಲಿ ಮಾತ್ರ ಈ ತಿಳಿವಳಿಕೆ ಉಪಯೋಗಕ್ಕೆ ಬಂದಿದೆ. ಹ್ಯಾಂಬರ್ಗ್ ನಗರದಲ್ಲಿ ರೂಪಿಸಲಾದ ಮೆಟಾಕಾಗ್ನಿಟಿವ್ ತರಬೇತಿಯಲ್ಲಿ, ರೋಗಿಯ ಸ್ವಂತ ನಂಬಿಕೆಯನ್ನು ನೇರವಾಗಿ ಕೆದಕದೆ, ಚಿತ್ರಗಳು ಮತ್ತು ಒಗಟಿನಂತಹ ಅಭ್ಯಾಸಗಳ ಮೂಲಕ "ನಾವೆಲ್ಲರೂ ಎಷ್ಟು ಬೇಗ ತೀರ್ಮಾನಿಸಿಬಿಡುತ್ತೇವೆ" ಎಂಬುದನ್ನು ಗುಂಪಿನಲ್ಲಿ ಮನಗಾಣಿಸಲಾಗುತ್ತದೆ. ಮಿಥ್ಯಾ ನಂಬಿಕೆಗಳ ತೀವ್ರತೆ ಇದರಿಂದ ಸಾಧಾರಣ ಪ್ರಮಾಣದಲ್ಲಿ ತಗ್ಗುವುದೆಂದು ಹಲವು ಪ್ರಯೋಗಗಳ ಒಟ್ಟು ವಿಶ್ಲೇಷಣೆ ತಿಳಿಸಿದೆ. ಇಂಗ್ಲೆಂಡಿನಲ್ಲಿ ಸ್ಲೋಮೋ ಎಂಬ ಹೆಸರಿನ, ನಿಧಾನವಾಗಿ ಯೋಚಿಸುವುದನ್ನು ಮೊಬೈಲ್ ಫೋನಿನ ನೆರವಿನಿಂದ ರೂಢಿಸುವ ಚಿಕಿತ್ಸೆಯನ್ನು 361 ಮಂದಿಯ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. 12 ವಾರಗಳ ಹೊತ್ತಿಗೆ ಸಂಶಯ ತಗ್ಗಿದ್ದು ಕಂಡಿತು. 24 ವಾರಗಳ ಪ್ರಧಾನ ಅಳತೆಯಲ್ಲಿ ವ್ಯತ್ಯಾಸ ಖಚಿತವಾಗಲಿಲ್ಲ; ಇತರ ಕೆಲವು ಅಳತೆಗಳಲ್ಲಿ ಲಾಭ ಉಳಿದಿತ್ತು. ಇವು ಔಷಧದ ಜೊತೆಗೆ ನೀಡುವ ನೆರವುಗಳು. ಔಷಧವನ್ನು ನಿಲ್ಲಿಸಿ ಇವನ್ನು ಹಿಡಿಯುವುದು ಸರಿಯಲ್ಲ.

ಮನೆಯವರು ಹೇಗೆ ಮಾತನಾಡಬೇಕು?

ಮೇಲ್ಕಂಡ ವಿವರಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ವಾದ ಮಾಡಿ ಗೆಲ್ಲುವ ಪ್ರಯತ್ನ ಫಲಿಸುವುದಿಲ್ಲ. ಊಟದಲ್ಲಿ ವಿಷವಿದೆಯೆನ್ನುವ ಮಗನೆದುರು ತಾಯಿ ಅದೇ ಅನ್ನವನ್ನು ಉಂಡು ತೋರಿಸಿದರೆ, ಆಕೆ ಮೊದಲೇ ಮದ್ದು ತೆಗೆದುಕೊಂಡಿದ್ದಾಳೆಂದು ಅವನು ತೀರ್ಮಾನಿಸಬಹುದು. ಹಾಗೆಂದು ಅವನ ಮಾತಿಗೆ ಹೌದೆನ್ನುವುದೂ ತಪ್ಪು. "ನಿನಗೆ ಹೆದರಿಕೆಯಾಗಿರುವುದು ಕಾಣುತ್ತಿದೆ, ನನಗೆ ಹಾಗೆ ಅನ್ನಿಸುತ್ತಿಲ್ಲ, ನಿದ್ದೆ ಬರುವಂತೆ ಮಾಡಲು ಡಾಕ್ಟರನ್ನು ಕಾಣೋಣ" ಎಂಬ ಧಾಟಿಯ ಮಾತು ಹೆಚ್ಚು ಪ್ರಯೋಜನಕಾರಿ. ನಂಬಿಕೆಯ ಸುಳ್ಳು ನಿಜವನ್ನು ಬದಿಗಿಟ್ಟು, ಅದರಿಂದ ಆಗುತ್ತಿರುವ ಸಂಕಟವನ್ನು ಮುಂದಿಟ್ಟರೆ ಅನೇಕರು ಆಸ್ಪತ್ರೆಗೆ ಬರಲು ಒಪ್ಪುತ್ತಾರೆ. ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು ಕೆಲವು ಮನೆಗಳಲ್ಲಿದೆ. ಅದು ಗೊತ್ತಾದ ದಿನ ವಿಷದ ಸಂಶಯಕ್ಕೆ ನಿಜವಾದ ಆಧಾರವೇ ದೊರೆತಂತಾಗುತ್ತದೆ.

ಸದಾ ಟೀಕೆ, ಹಗೆತನ ಮತ್ತು ಮಿತಿಮೀರಿದ ಮಧ್ಯಪ್ರವೇಶ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಲಂಡನ್ನಿನಲ್ಲಿ 1970ರ ದಶಕದ ಹೊತ್ತಿಗೇ ಸ್ಥಿರಪಟ್ಟಿತ್ತು. 1980ರ ದಶಕದಲ್ಲಿ ಚಂಡೀಗಢದಲ್ಲಿ ನಡೆದ ಹೋಲಿಕೆಯ ಅಧ್ಯಯನದಲ್ಲಿ ಅಲ್ಲಿನ ಕುಟುಂಬಗಳಲ್ಲಿ ಇಂತಹ ವರ್ತನೆ ಲಂಡನ್ನಿನ ಕುಟುಂಬಗಳಿಗಿಂತ ಕಡಿಮೆ ಇದ್ದುದು ಕಂಡುಬಂತು. ಆರೈಕೆ ಮಾಡುವವರು ದಣಿಯುವುದು ಸಹಜ. ಅವರಿಗೂ ಆಪ್ತಸಮಾಲೋಚನೆ ಲಭ್ಯವಿದೆ.

ಯಾವ ಚಿಹ್ನೆಗಳು ಕಂಡರೆ ತಡಮಾಡಬಾರದು?

ಪುರುಷರಲ್ಲಿ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ಮಧ್ಯಭಾಗದವರೆಗೆ, ಮಹಿಳೆಯರಲ್ಲಿ ಕೆಲವು ವರ್ಷ ತಡವಾಗಿ ಕಾಯಿಲೆ ಆರಂಭವಾಗುತ್ತದೆ. ನಿದ್ರೆ ತಪ್ಪುವುದು, ಓದು ಅಥವಾ ಕೆಲಸದಲ್ಲಿ ಕಾರಣವಿಲ್ಲದೆ ಹಿಂದೆ ಬೀಳುವುದು, ಸ್ನೇಹಿತರನ್ನು ಬಿಟ್ಟು ಕೋಣೆ ಸೇರುವುದು, ಸ್ನಾನ ಬಟ್ಟೆಗಳ ಪರಿವೆ ಇಲ್ಲದಿರುವುದು, ಒಬ್ಬರೇ ಮಾತನಾಡಿಕೊಳ್ಳುವುದು, ಹೊಸದಾಗಿ ಹುಟ್ಟಿದ ಸಂಶಯ ಇವು ಕೆಲವು ವಾರಗಳ ಕಾಲ ಮುಂದುವರಿದಲ್ಲಿ ವೈದ್ಯರನ್ನು ಕಾಣಬೇಕು. ಕುಟುಂಬದಲ್ಲಿ ಕಾಯಿಲೆಯಿದ್ದರೆ ಇನ್ನೂ ಬೇಗ ಕಾಣಬೇಕು. ಮೊದಲ ಲಕ್ಷಣದಿಂದ ಚಿಕಿತ್ಸೆಯವರೆಗಿನ ಅಂತರ ಹೆಚ್ಚಿದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ದೇವಸ್ಥಾನ, ದರ್ಗಾ, ಹರಕೆಗಳು ಮನೆಯವರ ಮನಸ್ಸಿಗೆ ಧೈರ್ಯ ಕೊಡುವುದಾದರೆ ಅದಕ್ಕೆ ಆಕ್ಷೇಪವಿಲ್ಲ, ಆದರೆ ಚಿಕಿತ್ಸೆಯನ್ನು ಅದು ಮುಗಿಯುವವರೆಗೆ ಮುಂದೂಡಬಾರದು.

ಆತ್ಮಹತ್ಯೆಯ ಮಾತು, ಊಟ ನೀರು ಬಿಟ್ಟಿರುವುದು, ತನಗೆ ಅಥವಾ ಇತರರಿಗೆ ಹಾನಿ ಮಾಡುವ ಸಂಭವ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಣಂತಿಯಲ್ಲಿ ಹೆರಿಗೆಯಾದ ಮೊದಲ ಎರಡು ಮೂರು ವಾರಗಳಲ್ಲಿ ನಿದ್ರಾಹೀನತೆ, ಗೊಂದಲ, ಮಗುವಿನ ಬಗ್ಗೆ ವಿಚಿತ್ರ ಮಾತುಗಳು ಕಾಣಿಸಿದರೂ ಅದನ್ನು ತುರ್ತೆಂದೇ ಪರಿಗಣಿಸತಕ್ಕದ್ದು. ಇದು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುವ ಸ್ಥಿತಿ. ಕುಟುಂಬದಲ್ಲಿ ಬೈಪೋಲಾರ್ ಕಾಯಿಲೆಯಿದ್ದಲ್ಲಿ ಸಂಭವ ಹೆಚ್ಚು. ತಾಯಿ ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ ನಿಮ್ಹಾನ್ಸ್‌ನಲ್ಲಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ.

ಕಾಯಿಲೆ ಬಾರದಂತೆ ತಡೆಯಲು ಆರೋಗ್ಯವಂತ ಸಹೋದರ ಸಹೋದರಿಯರಿಗೆ ಮಾತ್ರೆ ನೀಡುವ ಪದ್ಧತಿಯಿಲ್ಲ. ಅವರು ಮಾಡಬಹುದಾದುದರಲ್ಲಿ ಅತಿ ಮುಖ್ಯವಾದದ್ದು ಗಾಂಜಾದಿಂದ ದೂರವಿರುವುದು. ಪ್ರತಿದಿನ ಗಾಂಜಾ ಸೇದುವವರಲ್ಲಿ ಚಿತ್ತವಿಕಲತೆಯ ಸಂಭವ ಸುಮಾರು ಮೂರು ಪಟ್ಟು, ತೀಕ್ಷ್ಣ ಬಗೆಯದನ್ನು ಪ್ರತಿದಿನ ಸೇದುವವರಲ್ಲಿ ಐದು ಪಟ್ಟಿನ ಹತ್ತಿರ ಎಂದು 2019ರ ಬಹುರಾಷ್ಟ್ರೀಯ ಅಧ್ಯಯನ ವರದಿ ಮಾಡಿದೆ. ಮನೆತನದಲ್ಲಿ ಕಾಯಿಲೆಯಿರುವ ಯುವಕನಿಗೆ ಕಾಲೇಜು ಹಾಸ್ಟೆಲಿನ ಮೊದಲ ವರ್ಷಕ್ಕೆ ಮುಂಚೆಯೇ ಈ ವಿಷಯ ತಿಳಿಸುವುದು ಒಳ್ಳೆಯದು.

ಕುಟುಂಬದ ವಿವರ ನೀಡುವಾಗ

ಆಸ್ಪತ್ರೆಯ ನಮೂನೆಯಲ್ಲಿ ಕುಟುಂಬದ ಹಿನ್ನೆಲೆಯ ಕಲಂ ಬಂದಾಗ "ಯಾರಿಗೂ ಇಲ್ಲ" ಎಂದು ಬರೆಸುವುದು ಒಂದು ರೂಢಿಯೇ ಆಗಿದೆ. ಹೆಣ್ಣುಮಕ್ಕಳ ಮದುವೆಗೆ ತೊಂದರೆಯಾಗಬಹುದೆಂಬ ಅಂಜಿಕೆ ಇದಕ್ಕೆ ಮುಖ್ಯ ಕಾರಣ. ಆದರೆ ಈ ಮರೆಮಾಚುವಿಕೆಯಿಂದ ನಷ್ಟವಾಗುವುದು ರೋಗಿಗೇ. ಚಿಕ್ಕಪ್ಪನಿಗೆ ಉನ್ಮಾದವಿತ್ತೆಂದು ತಿಳಿದರೆ ಸ್ಕಿಜೋಫ್ರೀನಿಯಾದಂತೆ ತೋರುವ ಕಾಯಿಲೆ ಬೈಪೋಲಾರ್ ಆಗಿರಬಹುದೇ ಎಂದು ವೈದ್ಯರು ಯೋಚಿಸುತ್ತಾರೆ. ಔಷಧದ ಆಯ್ಕೆಯೇ ಬದಲಾಗಬಹುದು. ಮೂರು ತಲೆಮಾರಿನಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ರೀತಿಯ ತೊಂದರೆಯಿತ್ತು, ಯಾವ ಔಷಧ ಹಿಡಿಸಿತು, ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರೇ, ಮನೆಬಿಟ್ಟು ಹೋದವರುಂಟೇ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬರುವುದು ಉಪಯುಕ್ತ. ಹಳ್ಳಿಗಳಲ್ಲಿ "ಗಾಳಿ ಸೋಕಿತ್ತು", "ತಲೆ ಕೆಟ್ಟು ಊರು ಬಿಟ್ಟ" ಎಂದಷ್ಟೇ ನೆನಪಿರುವುದುಂಟು. ಅದನ್ನೂ ಇದ್ದಂತೆಯೇ ಹೇಳಿದರೆ ಸಾಕು.

ಹೀಗೆ ನೀಡಿದ ಮಾಹಿತಿಯ ಗೋಪ್ಯತೆಯನ್ನು ಕಾಯ್ದೆಯ ಪ್ರಕರಣ 23 ರಕ್ಷಿಸುತ್ತದೆ. ಕಾಯ್ದೆಯಲ್ಲಿ ಹೇಳಿರುವ ವಿಶೇಷ ಸಂದರ್ಭಗಳ ಹೊರತು ಅದನ್ನು ಬೀಗರಾಗುವವರಿಗಾಗಲಿ, ಉದ್ಯೋಗದಾತರಿಗಾಗಲಿ ತಿಳಿಸುವಂತಿಲ್ಲ.

ಮದುವೆ ಮತ್ತು ಸಂತಾನ

ಸಹೋದರನಿಗೋ ತಾಯಿಗೋ ಕಾಯಿಲೆಯಿದೆಯೆಂಬುದು ಮದುವೆಗೆ ಕಾನೂನಿನ ಅಡ್ಡಿಯಲ್ಲ. ಹಿಂದೂ ವಿವಾಹ ಕಾಯ್ದೆ 1955ರ ಪ್ರಕರಣ 5ರಲ್ಲಿ ಮಾನಸಿಕ ಸ್ಥಿತಿಯ ಬಗ್ಗೆ ಇರುವ ಷರತ್ತು ಮದುವೆಯಾಗುವ ವಧುವರರಿಗೆ ಮಾತ್ರ ಸಂಬಂಧಿಸಿದ್ದು, ಬಂಧುಗಳಿಗಲ್ಲ. ಮದುವೆಯಾದರೆ ಕಾಯಿಲೆ ವಾಸಿಯಾಗುವುದೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ, ಅದರಿಂದ ಎರಡು ಕುಟುಂಬಗಳು ನೋಯುತ್ತವೆ. ಸೋದರಮಾವ, ಅಕ್ಕನ ಮಗಳು ಮುಂತಾದ ರಕ್ತಸಂಬಂಧದ ಮದುವೆಗಳು ಕರ್ನಾಟಕದಲ್ಲಿ ರೂಢಿಯಲ್ಲಿವೆ. ಅದೇ ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆಯಿದ್ದಾಗ ಅಂತಹ ಸಂಬಂಧದಲ್ಲಿ ಗಂಡು ಹೆಣ್ಣು ಇಬ್ಬರ ಕಡೆಯಿಂದಲೂ ಅಪಾಯದ ಅಂಶ ಕೂಡುವುದರಿಂದ, ಮುಂಚಿತವಾಗಿ ವೈದ್ಯರ ಸಲಹೆ ಪಡೆಯುವುದು ವಿವೇಕ.

ಇಂತಹವರಿಗೆ ಅಥವಾ ಇಂತಹ ಮನೆತನಕ್ಕೆ ಮಾನಸಿಕ ಕಾಯಿಲೆ ಬರುವುದಿಲ್ಲವೆಂದು ದೃಢೀಕರಣ ಪತ್ರ ಕೋರಿ ಆಸ್ಪತ್ರೆಗಳಿಗೆ ಬರುವವರುಂಟು. ಭವಿಷ್ಯವನ್ನು ಹೇಳುವ ಪರೀಕ್ಷೆಯೇ ಇಲ್ಲದಿರುವಾಗ ಅಂತಹ ಪತ್ರಕ್ಕೆ ವೈಜ್ಞಾನಿಕ ಬೆಲೆಯಿರುವುದಿಲ್ಲ.

ಕಾಯ್ದೆಯಡಿಯ ಹಕ್ಕುಗಳು ಮತ್ತು ಪ್ರಮಾಣಪತ್ರ

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕರಣ 4ರಲ್ಲಿ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ನಿಯಮವಿದೆ. ವ್ಯಕ್ತಿಯೊಬ್ಬನ ತೀರ್ಮಾನ ಇತರರಿಗೆ ತಪ್ಪಾಗಿ ಅಥವಾ ಅನುಚಿತವಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಆತನಿಗೆ ತನ್ನ ಚಿಕಿತ್ಸೆಯನ್ನು ನಿರ್ಧರಿಸುವ ಸಾಮರ್ಥ್ಯವಿಲ್ಲವೆಂದು ಹೇಳುವಂತಿಲ್ಲ. ಆತುರದ ತೀರ್ಮಾನ ಬೇರೆ, ತೀರ್ಮಾನಿಸುವ ಸಾಮರ್ಥ್ಯವಿಲ್ಲದಿರುವುದು ಬೇರೆ. ಕಾಯಿಲೆ ಶಮನವಾಗಿರುವ ದಿನಗಳಲ್ಲಿ ವಯಸ್ಕರು ತಮಗೆ ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡ ನಿರ್ದೇಶನವನ್ನು ಬರೆದಿಡಬಹುದು. ತಮ್ಮ ಪರವಾಗಿ ವ್ಯವಹರಿಸಲು ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಬಹುದು. ತುರ್ತು ಚಿಕಿತ್ಸೆಗೆ ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ. ಸರಪಳಿಯಿಂದ ಕಟ್ಟಿಹಾಕುವುದನ್ನು ಕಾಯ್ದೆ ನಿಷೇಧಿಸಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ನಿರ್ಗತಿಕರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಕಾಯ್ದೆಯಡಿಯ ಹಕ್ಕುಗಳಿಗಾಗಿ ಉಚಿತ ಕಾನೂನು ನೆರವೂ ದೊರೆಯುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಪಟ್ಟಿಮಾಡಲಾದ 21 ಬಗೆಯ ಅಂಗವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರಕ್ಕಾಗಿ ಸ್ವಂತ ಆರೈಕೆ, ಇತರರೊಡನೆ ವ್ಯವಹಾರ, ಸಂವಹನ ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ಕ್ಷೇತ್ರಗಳಲ್ಲಿನ ತೊಂದರೆಯನ್ನು ಕಾಯಿಲೆಯ ಅವಧಿಯೊಡನೆ ಸೇರಿಸಿ ಅಳೆಯಲಾಗುತ್ತದೆ. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಅಂಗವಿಕಲತೆ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಳೆಯುವುದು ಈಗಿನ ತೊಂದರೆಯನ್ನು, ಕುಟುಂಬದ ಹಿನ್ನೆಲೆಯನ್ನಲ್ಲ. ಆದುದರಿಂದ ತಂದೆಗೆ ಕಾಯಿಲೆಯಿದೆಯೆಂಬ ಕಾರಣಕ್ಕೆ ಆರೋಗ್ಯವಂತ ಮಗ ಅರ್ಜಿ ಸಲ್ಲಿಸಲಾಗದು. ಮೌಲ್ಯಮಾಪನದ ದಿನ ರೋಗಿಯ ದಿನಚರಿಯನ್ನು ಹತ್ತಿರದಿಂದ ಬಲ್ಲವರೊಬ್ಬರು ಜೊತೆಗೆ ಬರಬೇಕು; ಹಿಂದಿನ ಚಿಕಿತ್ಸೆಯ ಚೀಟಿಗಳನ್ನೆಲ್ಲಾ ತರಬೇಕು.

ಸೇವೆ ದೊರೆಯುವ ಸ್ಥಳಗಳು

1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಈ ಕಾರ್ಯಕ್ರಮದಡಿ ತಪಾಸಣೆ ಮತ್ತು ಔಷಧ ದೊರೆಯುತ್ತವೆ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸುವ ಉದ್ದೇಶದ್ದು. ಆಯಾ ಆಸ್ಪತ್ರೆಗೆ ವೈದ್ಯರು ಬರುವ ದಿನವನ್ನು ಮುಂಚಿತವಾಗಿ ವಿಚಾರಿಸಿ ತಿಳಿದುಕೊಳ್ಳುವುದು. ವಿಶೇಷ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ.

ಪ್ರಯಾಣ ಸಾಧ್ಯವಿಲ್ಲದವರು, ರೋಗಿಯನ್ನು ಒಪ್ಪಿಸುವುದು ಹೇಗೆಂದು ತಿಳಿಯಬಯಸುವವರು, ತಮಗೂ ಕಾಯಿಲೆ ಬರುವುದೇ ಎಂದು ಚಿಂತಿಸುತ್ತಿರುವ ಒಡಹುಟ್ಟಿದವರು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ವೇಳೆಯಲ್ಲಿಯೂ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಈ ಸೇವೆ ಉಚಿತವಾಗಿದ್ದು, ಕನ್ನಡದಲ್ಲಿ ಮಾತನಾಡಬಹುದು.